ಕಿಟಕಿಗೆ ಹೆಸರು ಹಲವು

ಮನೆಯೊಂದು ಏಳುತ್ತಿರುವಾಗ ಮೇಸ್ತ್ರಿ ಯಜಮಾನನನ್ನು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದುದೊಂದುಂಟು: "ಕಿಟಕಿ ಎಲ್ಲಿ ಬಿಡಲಿ?" ಹೊಸ್ತಿಲನ್ನು ಇಡುತ್ತೇವೆ, ಕಂಬವನ್ನು ನಿಲ್ಲಿಸುತ್ತೇವೆ, ತೊಲೆಯನ್ನು ಏರಿಸುತ್ತೇವೆ, ಕಿಟಕಿಯನ್ನು ಮಾತ್ರ ಬಿಡುತ್ತೇವೆ. ಈ ಒಂದು ಕ್ರಿಯಾಪದದಲ್ಲಿಯೇ ಕಿಟಕಿಯ ಸ್ವರೂಪವೆಲ್ಲ ಅಡಗಿದೆ. ಅದು ಕಟ್ಟಿದ ವಸ್ತುವಲ್ಲ, ಕಟ್ಟಿದ ವಸ್ತುವಿನ ನಡುವೆ ಬುದ್ಧಿಪೂರ್ವಕವಾಗಿ ಉಳಿಸಿದ ಬಯಲು.

ಬಯಲಿಗೆ ಹೆಸರಿಡುವುದು ಸುಲಭವಲ್ಲ. ತನ್ನದೆಂಬ ಒಡಲಿಲ್ಲದುದನ್ನು ಅದರ ಉಪಯೋಗದಿಂದಲೇ ಕರೆಯಬೇಕು. ಆದುದರಿಂದಲೇ ಬೇರೆ ಬೇರೆ ಭಾಷೆಗಳು ಕಿಟಕಿಗೆ ಇಟ್ಟ ಹೆಸರುಗಳನ್ನು ಒಂದೆಡೆ ಕೂಡಿಸಿ ನೋಡಿದರೆ, ಯಾವ ಜನ ಯಾವುದಕ್ಕಾಗಿ ಗೋಡೆಯನ್ನು ಕೊರೆದರೆಂಬುದು ತಿಳಿದುಬರುತ್ತದೆ. ಒಬ್ಬರಿಗೆ ಬೇಕಾದುದು ಗಾಳಿ, ಒಬ್ಬರಿಗೆ ಬೆಳಕು, ಮತ್ತೊಬ್ಬರಿಗೆ ನೋಟ. ಹೆಸರೊಂದು ಮರೆತುಹೋದರೆ ಆ ಬಯಕೆಯ ನೆನಪೂ ಅದರೊಡನೆ ಹೋಗುತ್ತದೆ. ಈ ಮಾತನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಒಂದು ಊರಿಗೆ ಬಂದರೆ ಸಾಕು.

ಮುಧೋಳದ ಮನೆ

ಮುಧೋಳವೆಂದೊಡನೆ ಓದುಗರಿಗೆ ರನ್ನನೂ ಬೇಟೆನಾಯಿಗಳೂ ನೆನಪಾಗುವುದು ಸಹಜ. ಆದರೆ ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಾನು ಹೇಳುತ್ತಿರುವುದು ಸೇಡಂ ತಾಲ್ಲೂಕಿನ ಮುಧೋಳ. ತೆಲಂಗಾಣದ ಗಡಿಗೆ ಸಮೀಪದ ಊರು. ಇಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಹರಡಿರುವ ಈ ಸೀಮೆಯ ನೆಲದಡಿಯಲ್ಲಿ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ. ಶಹಾಬಾದಿ ಫರಸಿ ಎಂದು ದೇಶದ ನಾನಾ ಕಡೆಯ ಮನೆಗಳಿಗೆ ಹಾಸಾಗಿ ಹೋದುದು ಈ ಕಲ್ಲೇ. ಇಲ್ಲಿಯ ಸಿಮೆಂಟ್ ಕಾರ್ಖಾನೆಗಳಿಗೆ ಆಹಾರವಾದುದೂ ಈ ಕಲ್ಲೇ.

ಹೊರಗಿನವರಿಗೆ ಅದು ಕಾಲಡಿಯ ಹಾಸುಗಲ್ಲು. ಇಲ್ಲಿಯವರಿಗೆ ಗೋಡೆಯೂ ಅದೇ, ಮಾಳಿಗೆಯೂ ಅದೇ. ಹಳೆಯ ಮನೆಗಳ ಗೋಡೆಗಳು ಒಂದೊಂದೂ ಮೊಳಕ್ಕಿಂತ ದಪ್ಪ. ಬೇಸಗೆಯಲ್ಲಿ ಬಿಸಿಲು 42 ಡಿಗ್ರಿಯನ್ನು ದಾಟುವ ನಾಡಿನಲ್ಲಿ ಗೋಡೆಗೆ ದೊಡ್ಡ ಬಾಯಿ ತೆರೆದರೆ ಒಳಗೆ ಬರುವುದು ಗಾಳಿಯಲ್ಲ, ಬೆಂಕಿ. ಕಳ್ಳಕಾಕರ ಭಯ ಬೇರೆ. ಆದುದರಿಂದ ಅಂಥ ಮನೆಗಳ ಗೋಡೆಗಳಲ್ಲಿ ದೀಪವಿಡಲು ಮಾಡಗಳಿದ್ದುವೇ ಹೊರತು ನೋಡುವ ಕಿಟಕಿಗಳು ತೀರ ವಿರಳ. ಹಾಗಾದರೆ ಬೆಳಕು? ಅದು ಮೇಲಿನಿಂದ ಬರುತ್ತಿತ್ತು. ಮಾಳಿಗೆಯಲ್ಲಿ, ಅಡುಗೆಮನೆಯ ಮೇಲೆ ಒಂದು, ಪಡಸಾಲೆಯ ಮೇಲೆ ಒಂದು ರಂಧ್ರ ಬಿಡುವರು. ಮಳೆ ಬಂದರೆ ಹಾಸುಗಲ್ಲಿನ ತುಂಡೊಂದನ್ನು ಅದರ ಮೇಲೆ ಸರಿಸಿದರಾಯಿತು. ಒಲೆಯ ಹೊಗೆ ಅದರಿಂದಲೇ ಹೊರಕ್ಕೆ, ಸೂರ್ಯನ ಬೆಳಕು ಅದರಿಂದಲೇ ಒಳಕ್ಕೆ. ಕತ್ತಲೆಯ ನಡುವೆ ಇಳಿದ ಬಿಸಿಲುಕೋಲು ನೆಲದ ಮೇಲೆ ಮೆಲ್ಲಮೆಲ್ಲನೆ ಸರಿಯುತ್ತಿದ್ದರೆ, ಗಡಿಯಾರವಿಲ್ಲದ ಮನೆಯಲ್ಲಿ ಅದೇ ಗಡಿಯಾರ.

ಇದಕ್ಕೆ ಹೆಸರು 'ಬೆಳಕಿಂಡಿ'. ಬೆಳಕು ಮತ್ತು ಕಿಂಡಿ ಎಂಬೆರಡು ಪದಗಳು ಕೂಡುವಾಗ ನಡುವಿನ ಎರಡು ಕಕಾರಗಳು ಒಂದಕ್ಕೊಂದು ಒತ್ತಿಕೊಂಡು ಒಂದಾಗಿವೆ. ಯಾವ ಪಂಡಿತನೂ ಟಂಕಿಸದೆ, ಮಾತನಾಡುವ ಜನರೇ ನುಣುಪು ಮಾಡಿದ ಪದ. ಅದರಲ್ಲಿ ಕಣ್ಣಿನ ಸುದ್ದಿಯಿಲ್ಲ, ಗಾಳಿಯ ಸುದ್ದಿಯಿಲ್ಲ. ಏಕೆಂದರೆ ಆ ಕಿಂಡಿಯಿಂದ ಯಾರೂ ಇಣಿಕಿ ನೋಡುವುದಿಲ್ಲ. ಅದು ಇರುವುದು ಬೆಳಕಿಗಾಗಿ.

ಗಾಳಿಯ ದಾರಿ, ಹಸುವಿನ ಕಣ್ಣು

ಈಗ ಉಳಿದವರು ಏನೆಂದರೆಂದು ನೋಡೋಣ. ಸಂಸ್ಕೃತದ ಅಮರಕೋಶ ವಾತಾಯನ, ಗವಾಕ್ಷ ಎಂಬ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಕೂರಿಸುತ್ತದೆ. ವಾತಾಯನವೆಂದರೆ ಗಾಳಿಯ ದಾರಿ. ಹಳೆಯ ತಮಿಳಿನಲ್ಲಿ ಕಿಟಕಿಗೆ 'ಕಾಲದರ್' ಎಂಬ ಹೆಸರಿತ್ತು. 'ಕಾಲ್' ಎಂದರೆ ಗಾಳಿ, 'ಅದರ್' ಎಂದರೆ ದಾರಿ. ಇನ್ನು ಇಂಗ್ಲಿಷಿನ 'ವಿಂಡೋ' ಎಂಬ ಪದವನ್ನು ಬಿಡಿಸಿದರೆ, ಉತ್ತರದ ಹಿಮದ ನಾಡಿನ ಹಳೆಯ ನಾರ್ಸ್ ಭಾಷೆಯ 'ವಿಂಡೌಗ' ದೊರೆಯುತ್ತದೆ, ಅರ್ಥ, ಗಾಳಿಗಣ್ಣು. ಬಿಸಿಲಿನಲ್ಲಿ ಬೇಯುವ ತಮಿಳನೂ ಚಳಿಯಲ್ಲಿ ನಡುಗುವ ನಾರ್ವೆಯವನೂ ಒಬ್ಬರನ್ನೊಬ್ಬರು ಅರಿಯದೆಯೇ ಗಾಳಿಯ ಹೆಸರನ್ನು ಹಿಡಿದರೆಂಬುದು ಎಷ್ಟು ಸ್ವಾರಸ್ಯ!

ಗವಾಕ್ಷವೆಂದರೆ ಗೋವಿನ ಕಣ್ಣು. ಆಕಳ ಕಣ್ಣಿನಂತೆ ದುಂಡಗೆ ತೆರೆದುದೆಂದು ಸಾಮಾನ್ಯವಾದ ವಿವರಣೆ. ಗೋ ಶಬ್ದಕ್ಕೆ ಕಿರಣವೆಂಬ ಅರ್ಥವೂ ಇರುವುದರಿಂದ, ಕಿರಣಗಳು ಹೊಗುವ ದಾರಿಯೆಂದು ಬಿಡಿಸಿದ ವ್ಯಾಖ್ಯಾನಕಾರರೂ ಇದ್ದಾರೆ. ರಾಮಾಯಣದ ಕಪಿಸೇನೆಯಲ್ಲಿ ಗವಾಕ್ಷನೆಂಬ ವೀರನೊಬ್ಬನಿದ್ದುದನ್ನು ಓದುಗರು ಬಲ್ಲರು. ಅವನ ತಾಯಿತಂದೆಗಳು ಕಿಟಕಿಯನ್ನು ನೆನೆದು ಹೆಸರಿಟ್ಟಿರಲಾರರು. ಮಗುವಿನ ಅಗಲವಾದ ಕಣ್ಣನ್ನು ಕಂಡೇ ಇಟ್ಟಿರಬೇಕು. ತಮಿಳಿನಲ್ಲಿ 'ಪಲಕಣಿ' ಎಂಬ ಇನ್ನೊಂದು ಮಾತಿದೆ. ಹಲವು ಕಣ್ಣುಳ್ಳದ್ದು ಎಂದರ್ಥ. ಶಿಲ್ಪಿಗಳ ಕೈಯಲ್ಲಿ ಗವಾಕ್ಷಕ್ಕೆ ಬೇರೊಂದು ಗತಿ ಬಂತು. ಬೌದ್ಧರ ಚೈತ್ಯಗಳ ಮುಖದಲ್ಲಿ ಬೆಳಕಿಗಾಗಿ ತೆರೆದಿದ್ದ ಕುದುರೆಲಾಳದ ಆಕಾರದ ಕಿಟಕಿ, ಕಾಲಕ್ರಮದಲ್ಲಿ ದೇವಾಲಯಗಳ ಶಿಖರಗಳ ಮೇಲೆ ಕೇವಲ ಅಲಂಕಾರವಾಗಿ ಸಾಲುಗಟ್ಟಿತು. ಎಂದೂ ತೆರೆಯದ ಆ ಕಲ್ಲಿನ ಕಿಟಕಿಗಳಿಗೂ ಶಾಸ್ತ್ರಜ್ಞರು ಗವಾಕ್ಷವೆಂದೇ ಹೇಳುತ್ತಾರೆ.

ಮೂರನೆಯ ಬಗೆಯದು ಜಾಲಂಧ್ರ. ಜಾಲವೆಂದರೆ ಬಲೆ, ಬಲೆಯಂತೆ ರಂಧ್ರಗಳುಳ್ಳ ಕಲ್ಲಿನ ತೆರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಇಂಥ ಜಾಲಂಧ್ರಗಳನ್ನು ಕಂಡಿದ್ದಾರೆ. ಒಳಗೆ ನಿಂತವನಿಗೆ ಹೊರಗಿನ ಬಿಸಿಲು ಜರಡಿ ಹಿಡಿದಂತೆ ಸೋಸಿ ಬರುತ್ತದೆ. ನಮ್ಮ ಕಲಬುರಗಿಯ ಕಡೆ ಉರ್ದುವಿನಿಂದ ಬಂದ 'ರೋಶನದಾನ' ಎಂಬ ಮಾತೂ ಉಂಟು. ಗೋಡೆಯ ನೆತ್ತಿಯಲ್ಲಿ ಬೆಳಕಿಗಾಗಿ ಬಿಟ್ಟ ಕಿಂಡಿ. ರೋಶನ್ ಎಂದರೆ ಬೆಳಕು. 'ದಾನ್' ನಮ್ಮ ಹೂದಾನಿಯಲ್ಲಿರುವ ಪ್ರತ್ಯಯವೇ. ಹೂವನ್ನು ಹಿಡಿದಿಡುವುದು ಹೂದಾನಿ, ಬೆಳಕನ್ನು ಹಿಡಿದಿಡುವುದು ರೋಶನದಾನ. ಬೆಳಕಿಂಡಿಗೆ ಇದಕ್ಕಿಂತ ಹತ್ತಿರದ ನೆಂಟ ಬೇರೊಬ್ಬನಿಲ್ಲ.

ಕೆಂಪು ಮಸಿಯ ಗೆರೆ

ಇಷ್ಟಾದರೂ ನಾವೆಲ್ಲ ದಿನವೂ ಬಳಸುವ 'ಕಿಟಕಿ' ಎಂಬ ಮಾತಿನ ಅರ್ಥ ಉಳಿದೇ ಇದೆ. ಅದನ್ನು ಹೇಳುವ ಮೊದಲು ಒಂದು ಚಿಕ್ಕ ಪ್ರಸಂಗ.

ನನ್ನ ಬಳಿ ಬಿ.ಎ. ಓದುತ್ತಿದ್ದ, ಮುಧೋಳದ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಹಳೆಯ ಶಾಲಾ ದಿನಗಳ ಪ್ರಬಂಧದ ಪುಸ್ತಕವನ್ನು ಒಮ್ಮೆ ತಂದು ತೋರಿಸಿದ. 'ನಮ್ಮ ಮನೆ' ಎಂಬುದು ಪ್ರಬಂಧದ ವಿಷಯ. "ನಮ್ಮ ಮನೆಗೆ ಖಿಡಕಿ ಒಂದೇ ಇದೆ, ಬೆಳಕಿಂಡಿ ಎರಡಿವೆ" ಎಂದು ಹುಡುಗ ಬರೆದಿದ್ದ. 'ಖಿಡಕಿ'ಯನ್ನು ಕೆಂಪು ಮಸಿಯಿಂದ ಹೊಡೆದು 'ಕಿಟಕಿ' ಎಂದು ತಿದ್ದಲಾಗಿತ್ತು. 'ಬೆಳಕಿಂಡಿ'ಯನ್ನು ಹೊಡೆದು ಅದರ ಮೇಲೆ 'ಗವಾಕ್ಷಿ' ಎಂದು ಬರೆಯಲಾಗಿತ್ತು.

"ಮನ್ಯಾಗಿನ ಮಾತು ಸಾಲ್ಯಾಗ ನಡ್ಯಾಂಗಿಲ್ರಿ ಸರ," ಎಂದ ಹುಡುಗ ನಗುತ್ತಲೇ. "ಅದಕ್ಕ ಆಮ್ಯಾಲೆ ನಾ ಮನಿ ಬಗ್ಗೆ ಬರದೇ ಇಲ್ರಿ."

ಅವನು ನಗುತ್ತ ಹೇಳಿದ್ದರೂ ಮಾತು ನಗುವಂಥದಲ್ಲ. ತಿದ್ದಿದವರು ಯಾರೋ, ಒಳ್ಳೆಯ ಉದ್ದೇಶದಿಂದಲೇ ತಿದ್ದಿರಬೇಕು. ಆದರೆ ಗವಾಕ್ಷಿ ಗೋಡೆಯಲ್ಲಿರುವುದು, ಕಣ್ಣಿಗೆ ಸಂಬಂಧಿಸಿದುದು. ಬೆಳಕಿಂಡಿ ಮಾಳಿಗೆಯಲ್ಲಿರುವುದು, ಬೆಳಕಿಗೂ ಹೊಗೆಗೂ ಸಂಬಂಧಿಸಿದುದು. ಪದವನ್ನು ತಿದ್ದಿದ್ದರಿಂದ ಆ ಹುಡುಗನ ಮನೆಯೇ ಬೇರೆ ಮನೆಯಾಗಿಹೋಯಿತು. ಇನ್ನು 'ಖಿಡಕಿ'ಯ ಮೇಲಿನ ಗೆರೆಯಂತೂ ಚರಿತ್ರೆಯ ಮೇಲೆಯೇ ಎಳೆದ ಗೆರೆ.

ಏಕೆಂದರೆ, ಪ್ರಾಕೃತದಲ್ಲಿ 'ಖಡಕ್ಕೀ' ಎಂಬ ಪದವೊಂದಿತ್ತು. ಸಂಸ್ಕೃತದ ಕೋಶಗಳು ಅದನ್ನು 'ಖಡಕ್ಕಿಕಾ' ಎಂದು ಸೇರಿಸಿಕೊಂಡಿವೆ. ಅದರ ಅರ್ಥ ಕಿಟಕಿಯಲ್ಲ, ಚಿಕ್ಕ ಬಾಗಿಲು. ಮನೆಯ ಪಕ್ಕದ ಅಥವಾ ಹಿಂಬದಿಯ ಖಾಸಗಿ ಬಾಗಿಲು. ಆ ವಂಶದಲ್ಲಿ ಮರಾಠಿ, ಹಿಂದಿ, ಉರ್ದುಗಳ ಖಿಡಕಿ ಬಂದಿತು. ತೆಲುಗಿನಲ್ಲಿ ಅದು ಕಿಟಿಕಿ ಆಯಿತು, ನಮ್ಮಲ್ಲಿ ಕಿಟಕಿ ಆಯಿತು. ಮೊದಲಿನ ಮಹಾಪ್ರಾಣ ಸವೆದು ಖಕಾರ ಕಕಾರವಾಯಿತು. ನಡುವಿನ ಡಕಾರ ಟಕಾರವಾಯಿತು. ಹಾಗಾದರೆ ಮೂಲಕ್ಕೆ ಹತ್ತಿರವಾಗಿರುವುದು ಯಾವುದು? ಹುಡುಗನ ಖಿಡಕಿಯೇ ಹೊರತು ನಮ್ಮ ಪಠ್ಯಪುಸ್ತಕದ ಕಿಟಕಿಯಲ್ಲ! ಹಾಗೆಂದು ಕಿಟಕಿ ತಪ್ಪೆಂದು ನಾನು ಹೇಳುವುದಿಲ್ಲ. ಎರಡೂ ಒಂದೇ ಹಿರಿಯರ ಮಕ್ಕಳು. ಒಬ್ಬಳು ಪಟ್ಟಣ ಸೇರಿದಳು, ಇನ್ನೊಬ್ಬಳು ಊರಿನಲ್ಲಿ ಉಳಿದಳು, ಅಷ್ಟೆ.

ಈ ನಾಡಿಗೆ ಇಂಥ ಗೆರೆ ಹೊಸದಲ್ಲವೆನ್ನಿ. ಮುಧೋಳವಿರುವ ಸೇಡಂ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ರಚಿಸಿದ ಕವಿರಾಜಮಾರ್ಗ, ಕನ್ನಡದ ತಿರುಳಿರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವೆ ಎಂದಿತು. ಅವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಒಕ್ಕುಂದ. ಭೂಪಟವನ್ನು ಬಿಡಿಸಿ ನೋಡಿ; ಆ ಚೌಕದೊಳಗೆ ಮಾನ್ಯಖೇಟವೇ ಇಲ್ಲ! ರಾಜಧಾನಿಯಲ್ಲಿ ಕುಳಿತು ಬರೆದ ಗ್ರಂಥ, ಒಳ್ಳೆಯ ಕನ್ನಡವನ್ನು ರಾಜಧಾನಿಯ ಹೊರಗೆ ಗುರುತಿಸಿತು. ಆದರೆ ಅದೇ ಗ್ರಂಥ, ಕನ್ನಡದ ನುಡಿಭೇದಗಳನ್ನು ಎಣಿಸಹೊರಟರೆ ಸರ್ಪರಾಜ ವಾಸುಕಿಯೂ ಬೇಸತ್ತಾನೆಂದು ಒಪ್ಪಿಕೊಂಡಿತು. ಓದು ಬಾರದ ಜನರಲ್ಲಿಯೂ ಕಾವ್ಯದ ಜಾಣ್ಮೆಯುಂಟೆಂದು ಹೊಗಳಿತು. ಮೊದಲಿನ ಮಾತನ್ನು ಮಾತ್ರ ನೆನಪಿಟ್ಟು ಎರಡನೆಯದನ್ನು ಮರೆತವರು ಅನಂತರದ ನಾವು.

ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಅದುವರೆಗೆ ಕಚೇರಿಯ ಭಾಷೆ ಉರ್ದು. ಮನೆಯ ಮಾತಾಗಿ ಮಾತ್ರ ಉಳಿದಿದ್ದ ಕನ್ನಡಕ್ಕೆ ಶಾಲೆಯ ಬಾಗಿಲು ಅಗಲವಾಗಿ ತೆರೆದಾಗ, ಶಾಲೆಯಲ್ಲಿ ಕಾಯುತ್ತಿದ್ದುದು ಬೇರೊಂದು ಕನ್ನಡ. ಅಂದಿನಿಂದ ಇಂದಿನವರೆಗೂ ಎಷ್ಟು ಮಕ್ಕಳು ಮನೆಯ ಬಗ್ಗೆ ಬರೆಯುವುದನ್ನು ಬಿಟ್ಟರೋ, ಲೆಕ್ಕವಿಟ್ಟವರಾರು?

ಒಳಗಿನವರು, ಹೊರಗಿನವರು

ಕಿಟಕಿಯ ಮೂಲಾರ್ಥ 'ಚಿಕ್ಕ ಬಾಗಿಲು' ಎಂಬುದನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಮಂಗಳೂರಿನ ಕಡೆಯ ಕೊಂಕಣಿಯ 'ಜನೆಲ್', ತಮಿಳಿನ 'ಜನ್ನಲ್', ಕಾಸರಗೋಡಿನ ಕನ್ನಡಿಗರು ನೆರೆಯ ಮಲೆಯಾಳದಲ್ಲಿ ಕೇಳುವ 'ಜನಲ್' ಇವೆಲ್ಲ ಪೋರ್ಚುಗೀಸರ 'ಜನೇಲ'ದಿಂದ ಬಂದವು. ಅದರ ಬೇರಾದ ಲ್ಯಾಟಿನ್ ಪದಕ್ಕೂ ಚಿಕ್ಕ ಬಾಗಿಲೆಂದೇ ಅರ್ಥ. ನಮ್ಮ ಹಳೆಯ ವಾಡೆಗಳ ದೊಡ್ಡ ಬಾಗಿಲಿನೊಳಗೆ, ಬಗ್ಗಿ ಹೋಗುವಂಥ ದಿಡ್ಡಿ ಬಾಗಿಲು ಇರುವುದಿಲ್ಲವೆ? ಖಿಡಕಿಯ ಪೂರ್ವಜ ಅಂಥದು.

ದೊಡ್ಡ ಬಾಗಿಲಿದ್ದೂ ಚಿಕ್ಕ ಬಾಗಿಲು ಏಕೆ ಬೇಕಾಯಿತು? ದೊಡ್ಡ ಬಾಗಿಲಿನಲ್ಲಿ ಎಲ್ಲರಿಗೂ ಎಲ್ಲ ಕಾಲಕ್ಕೂ ಪ್ರವೇಶವಿಲ್ಲದ್ದರಿಂದ. ಕಿಟಕಿಯ ಕಥೆಯಲ್ಲಿ ಈ ಒಳಹೊರಗಿನ ಪ್ರಶ್ನೆ ಎಂದೂ ಬಿಟ್ಟಿಲ್ಲ. ಕಾಳಿದಾಸನ ರಘುವಂಶದ 7ನೆಯ ಸರ್ಗದಲ್ಲಿ ಅಜನ ಮೆರವಣಿಗೆಯನ್ನು ಕಾಣಲು ಪುರಸ್ತ್ರೀಯರು ಅರ್ಧ ಮುಗಿದ ಅಲಂಕಾರವನ್ನೂ ಬಿಟ್ಟು ಗವಾಕ್ಷಗಳಿಗೆ ಧಾವಿಸುತ್ತಾರೆ. ಓದಲು ಬಲು ಸೊಗಸು. ಆದರೆ ಅವರು ಬೀದಿಗೆ ಇಳಿಯಲಿಲ್ಲ, ಕಿಟಕಿಗೇ ಓಡಿದರು. ಮೊಗಲ್ ಬಾದಶಹರು ಬೆಳಗಿನಲ್ಲಿ ಝರೋಖಾದಲ್ಲಿ ಕುಳಿತು ಪ್ರಜೆಗಳಿಗೆ ದರ್ಶನವೀಯುತ್ತಿದ್ದರು. ಔರಂಗಜೇಬ್ ಆ ಪದ್ಧತಿಯನ್ನು ನಿಲ್ಲಿಸಿದ. ಒಂದು ಕಿಟಕಿ ನೋಡುವವಳಿಗೆ ಮರೆ, ಇನ್ನೊಂದು ನೋಡಿಸಿಕೊಳ್ಳುವವನಿಗೆ ವೇದಿಕೆ. ಹೆಸರು ಮಾತ್ರ ಎರಡಕ್ಕೂ ಕಿಟಕಿ.

ಕನ್ನಡಿಗರಿಗೆ ಎಲ್ಲಕ್ಕಿಂತ ಪ್ರಿಯವಾದ ಕಿಟಕಿ ಉಡುಪಿಯ ಕನಕನ ಕಿಂಡಿ. ಬಾಗಿಲಲ್ಲಿ ಪ್ರವೇಶ ದೊರೆಯದ ಕನಕದಾಸರು ಗುಡಿಯ ಹಿಂದೆ ನಿಂತು ಹಾಡಿದಾಗ ಗೋಡೆ ಬಿರಿಯಿತು, ಕೃಷ್ಣನು ಅತ್ತ ತಿರುಗಿದನು ಎಂಬುದು ಐತಿಹ್ಯ. ಐತಿಹ್ಯದ ವಿಚಾರದಲ್ಲಿ ವಾದಗಳಿವೆ, ಇರಲಿ. ಕಣ್ಣಿಗೆ ಕಾಣುವ ಸಂಗತಿಯಿಷ್ಟು: ಅಲ್ಲಿ ಕೃಷ್ಣನು ಪಶ್ಚಿಮಾಭಿಮುಖನಾಗಿದ್ದಾನೆ, ಭಕ್ತರು ಒಂಬತ್ತು ರಂಧ್ರಗಳ ಕಿಂಡಿಯ ಮೂಲಕವೇ ಆತನನ್ನು ನೋಡುತ್ತಾರೆ. ಹೊರಗಿನವನೊಬ್ಬನಿಗೆ ದೊರೆತ ಕಿಂಡಿಯ ಕಥೆ ನಡೆದಲ್ಲಿ ಎಲ್ಲರ ದರ್ಶನಕ್ಕೂ ಕಿಂಡಿಯೇ ದಾರಿಯಾಗಿದೆ.

ಆದರೆ ಎಲ್ಲ ಕಿಂಡಿಗಳ ಕಥೆಯೂ ಹೀಗೆ ಮಂಗಳವಾಗಿ ಮುಗಿಯಲಿಲ್ಲ. ಚಹಾದಂಗಡಿಯ ಒಳಗೆ ಕೂರಲು ಅವಕಾಶವಿಲ್ಲದೆ, ಹೊರಗಿನ ಕಿಂಡಿಯಲ್ಲಿ ಕೈಚಾಚಿ, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದವರು ನಮ್ಮ ನಾಡಿನ ಊರೂರುಗಳಲ್ಲಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆಯಿತು; 1955ರ ಕಾಯಿದೆ ಅದನ್ನು ಅಪರಾಧವೆಂದಿತು. ಅಂಥ ಕಿಂಡಿಗೆ ನಿಘಂಟಿನಲ್ಲಿ ಬೇರೆ ಹೆಸರಿಲ್ಲ. ಅದನ್ನು ಬಳಸಿದವರ ನೆನಪಿನಲ್ಲಿ ಮಾತ್ರ ಅದರ ಅರ್ಥವಿದೆ.

ಕಿಟಕಿಯನ್ನು ಶ್ರೀಮಂತಿಕೆಯ ಗುರುತೆಂದು ಎಣಿಸಿದವರೂ ಉಂಟು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ವಿಧಿಸುತ್ತಿದ್ದರು. ಜನ ಮಾಡಿದ್ದೇನು? ಇಟ್ಟಿಗೆಯಿಟ್ಟು ಕಿಟಕಿಗಳನ್ನು ಮುಚ್ಚಿದರು. ಬೊಕ್ಕಸಕ್ಕೆ ಹಣವೂ ಕಡಿಮೆ, ಮನೆಗೆ ಬೆಳಕೂ ಕಡಿಮೆ!

ಹೊಸ ಅರ್ಥಗಳು

ಇಷ್ಟೆಲ್ಲ ಹಳೆಯ ಸರಕಿನ ಮೇಲೆ ನಮ್ಮ ಕಾಲ ಹೊಸ ಅರ್ಥಗಳನ್ನು ಹೇರಿದೆ. ವಾಡಿ ಜಂಕ್ಷನ್ನಿನಲ್ಲಿ ನಿಂತವನಿಗೆ ಖಿಡಕಿಯೆಂದರೆ ಟಿಕೇಟು ಕೊಡುವ ಜಾಗ. ಗಾಡಿ ಬಂದ ಮೇಲೆ, ಮಕ್ಕಳು ಜಗಳವಾಡಿ ಹಿಡಿಯುವ ಜಾಗ. ಸರ್ಕಾರದ ಭಾಷೆಯಲ್ಲಿ ಏಕಗವಾಕ್ಷಿ ಪದ್ಧತಿಯೆಂಬುದೊಂದು ಬಂದಿದೆ. ಕೈಗಾರಿಕೆ ಹೂಡುವವನು ಹತ್ತಾರು ಕಚೇರಿಗಳಿಗೆ ಅಲೆಯದೆ ಒಂದೇ ಕಡೆ ಅನುಮತಿ ಪಡೆಯಲೆಂದು ಕರ್ನಾಟಕದಲ್ಲಿ 2002ರಲ್ಲಿ ಕಾನೂನೇ ಆಯಿತು. ಹಸುವಿನ ಕಣ್ಣು ಕಡತಗಳನ್ನು ನೋಡುವ ಕಣ್ಣಾಯಿತು! ಆದರೂ ಪದ ಒಪ್ಪುವಂತಿದೆ. ಗಣಕಯಂತ್ರದ ಪರದೆಯ ಮೇಲೆ ತೆರೆಯುವ ಚೌಕಗಳಿಗೂ ಕಿಟಕಿಯ ಹೆಸರೇ. 1985ರಲ್ಲಿ ಬಿಡುಗಡೆಯಾದ 'ವಿಂಡೋಸ್' ಅದನ್ನು ಮನೆಮಾತು ಮಾಡಿತು. ಲಾಟಿಸಿನ ಕಿಟಕಿಗೆ ಹೆಸರಾಗಿದ್ದ 'ಜಾಲ' ಇಂದು ಅಂತರಜಾಲವಾಗಿ ಲೋಕವನ್ನೆಲ್ಲ ತೋರಿಸುತ್ತಿದೆ. ಬಲೆಯೆಂಬ ಅರ್ಥವೂ ಅದಕ್ಕಿದೆಯೆಂಬುದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಕೆಡುಕಿಲ್ಲ.

ಕಾಲಕ್ಕೂ ಕಿಟಕಿಯಿದೆ. 2013ರ ನವೆಂಬರ್ 5ರಂದು ಮಂಗಳಯಾನ ಹಾರಿದಾಗ ವಿಜ್ಞಾನಿಗಳು 'ಉಡಾವಣೆಯ ಕಿಟಕಿ'ಯ ಮಾತನ್ನಾಡಿದರು. ಭೂಮಿಯೂ ಮಂಗಳವೂ ತಕ್ಕ ಸ್ಥಾನಕ್ಕೆ ಬರುವ ಆ ಅವಕಾಶ ತಪ್ಪಿದರೆ ಮತ್ತೆ ಸುಮಾರು 26 ತಿಂಗಳು ಕಾಯಬೇಕು. ಗೋಡೆಯೇ ಇಲ್ಲದ ಆಕಾಶದಲ್ಲಿ ಕಿಟಕಿ!

ಹೀಗೆ ಹೊಸ ಅರ್ಥಗಳು ಬರುವುದಕ್ಕೆ ನನ್ನ ತಕರಾರಿಲ್ಲ; ಭಾಷೆ ಬದುಕಿದೆಯೆಂಬುದಕ್ಕೆ ಅದೇ ಸಾಕ್ಷಿ. ಹಳೆಯ ಅರ್ಥಗಳನ್ನು ಹೊರಗಟ್ಟುವುದಕ್ಕೆ ಮಾತ್ರ ತಕರಾರು. ಮುಧೋಳದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇಂದು ಏಳುತ್ತಿರುವುದು ಸಿಮೆಂಟಿನ ತಾರಸಿ ಮನೆಗಳು. ಗಾಜಿನ ಕಿಟಕಿಗಳು ಬಂದಿವೆ, ಒಲೆಯ ಹೊಗೆ ಹೋಗಿದೆ, ಹೆಣ್ಣುಮಕ್ಕಳ ಕಣ್ಣು ಉರಿಯುವುದು ತಪ್ಪಿದೆ. ಇದು ಸಂತೋಷದ ಸಂಗತಿ. ಬೆಳಕಿಂಡಿಯ ಮನೆಗೇ ಹಿಂದಿರುಗಿರೆಂದು ಯಾರೂ ಹೇಳಲಾರರು. ಆದರೆ ಮನೆ ಹೋದರೆ ಮಾತೂ ಹೋಗಲೇಬೇಕೆಂಬ ನಿಯಮವಿಲ್ಲ. ರಥ ಹೋದರೂ 'ಮನೋರಥ' ಉಳಿದಿಲ್ಲವೆ?

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಗ್ರಂಥಗಳ ಪದಗಳ ಜತೆಗೆ ಜನರ ಮಾತುಗಳನ್ನೂ ಗಾದೆಗಳನ್ನೂ ಕೂರಿಸಿತು. ಜರ್ಮನಿಯಿಂದ ಬಂದವನೊಬ್ಬ ತೋರಿದ ಆ ಗೌರವವನ್ನು, ತರಗತಿಯಲ್ಲಿ ಕೆಂಪು ಲೇಖನಿ ಹಿಡಿದ ನಾವು ನಮ್ಮ ಮಕ್ಕಳ ಮಾತಿಗೆ ತೋರುವುದು ಅಸಾಧ್ಯವೇನಲ್ಲ. ಮಗು 'ಖಿಡಕಿ' ಎಂದು ಬರೆದರೆ ಹೊಡೆದುಹಾಕದೆ, ಪಕ್ಕದಲ್ಲಿ 'ಕಿಟಕಿ ಎಂದೂ ಹೇಳುತ್ತಾರೆ' ಎಂದು ಬರೆದರೆ ಸಾಕು. ಮಗುವಿಗೆ ಒಂದು ಮಾತು ಕಳೆಯುವ ಬದಲು ಎರಡಾಗುತ್ತವೆ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ, ಅವರು ಹುಟ್ಟಿದ ಮನೆಯಲ್ಲಿ ಬೆಳಕು ಎಲ್ಲಿಂದ ಬರುತ್ತಿತ್ತು, ಅದಕ್ಕೆ ಏನೆನ್ನುತ್ತಿದ್ದರು ಎಂದು ಈ ಭಾನುವಾರ ಮಕ್ಕಳಿಂದಲೇ ಕೇಳಿಸಿರಿ. ಬಂದ ಉತ್ತರ ಯಾವ ನಿಘಂಟಿನಲ್ಲಿಯೂ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಬರೆದಿಡಿ. ಬರೆದಿಟ್ಟ ಮಾತಿನ ಮೂಲಕ, ಆ ಮನೆಯನ್ನು ಎಂದೂ ಕಾಣದ ಮಕ್ಕಳೂ ಒಳಗೆ ಇಣಿಕಬಹುದು.